ಕೆಂಪಾಗದ ಪಟ್ಟಿ

ಸೋಮವಾರ ಬೆಳಿಗ್ಗೆ 9.40ಕ್ಕೆ ಆಮ್ಲಜನಕ ಸಿಲಿಂಡರ್ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದರು. ಕಂಪನಿಯ ಪೋರ್ಟಲ್‌ನಲ್ಲಿದ್ದ ಸಿಲಿಂಡರ್ ಪಟ್ಟಿಯನ್ನು ಯಾರೋ ಅಳಿಸಿದ್ದಾರೆ. ಪಟ್ಟಿಯಿಲ್ಲದೆ ಗೇಟ್‌ಪಾಸ್ ಬರುವುದಿಲ್ಲ, ತುಂಬಿದ ಲಾರಿ ನಿಂತಿದೆ ಎಂದು ದೂರು ಕೊಟ್ಟರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಪೇದೆಯೊಂದಿಗೆ ಹೊರಟರು.

10.30ಕ್ಕೆ ಉಗ್ರಾಣದಲ್ಲಿ ಪಂಚನಾಮೆ. ಆ ಡೇಟಾಬೇಸನ್ನು ಐದು ವರ್ಷ ಕೂತು ಕಟ್ಟಿದವಳು ಅಲ್ಲಿನ ಗುಮಾಸ್ತೆ. ಹೋದ ತಿಂಗಳು ಕಂಪನಿ ಅದನ್ನು ಅವಳ ಕಂಪ್ಯೂಟರಿನಿಂದ ಪೋರ್ಟಲ್‌ಗೆ ಏರಿಸಿತ್ತು. ಅಳಿಸಿದ್ದು ಬೆಳಿಗ್ಗೆ 7.12ಕ್ಕೆ, ಉಗ್ರಾಣದ ಲಾಗಿನ್‌ನಿಂದ.

"ಏನ್ರೀ, ಪಾಸ್‌ವರ್ಡ್ ಗೋಡೆಗೇ ಅಂಟಿಸಿದ್ದೀರಿ?"

"ಎಲ್ರೂ ಮರೀತಾರೆ ಸಾರ್," ಎಂದರು ಮ್ಯಾನೇಜರ್.

"ಕಳ್ಳನೂ ಮರೀಬಾರ್ದು ಅಂತಾನಾ?"

ಪೇದೆ ಅಷ್ಟರಲ್ಲಿ ಗುಮಾಸ್ತೆಯ ಹಳೆಯ ಕಂಪ್ಯೂಟರ್ ತೆರೆದಿದ್ದಳು. ಮೂಲ ಡೇಟಾಬೇಸ್ ಹಾಗೇ ಇತ್ತು. "ಸಾರ್, ಕೆಡಿಸೋಕೆ ಬಂದವ್ರು ಇದನ್ಯಾಕೆ ಬಿಟ್ರು?" ಅದರಲ್ಲಿ ಹತ್ತೊಂಬತ್ತು ಸಾಲುಗಳು ಕೆಂಪಾಗಿದ್ದವು. ಪೋರ್ಟಲ್‌ನಿಂದ ನಿನ್ನೆ ತೆಗೆದ ಪ್ರಿಂಟ್‌ನಲ್ಲಿ ಅವೇ ಸಾಲುಗಳ ಮುಂದೆ 'ಕಳಿಸಬಹುದು' ಎಂದಿತ್ತು.

ಇನ್‌ಸ್ಪೆಕ್ಟರ್ ಗುಮಾಸ್ತೆಯನ್ನು ಕರೆಸಿದರು. "ಈ ಕೆಂಪು ಏನಮ್ಮ?"

"ಪರೀಕ್ಷೆ ಅವಧಿ ಮುಗಿದ ಸಿಲಿಂಡರ್ ಸಾರ್. ಕೆಂಪಾದ್ರೆ ಗೇಟ್‌ಪಾಸ್ ಪ್ರಿಂಟೇ ಆಗ್ಬಾರ್ದು, ಹಾಗೆ ಬರೆದಿದ್ದೆ."

"ಪೋರ್ಟಲ್‌ನಲ್ಲಿ?"

"ಪಟ್ಟಿ ಮಾತ್ರ ಅಲ್ಲಿಗೆ ಹೋಯ್ತು, ನಾನು ಬರೆದ ತಡೆ ಹೋಗ್ಲಿಲ್ಲ. ಅಲ್ಲಿ ಅದು ಕೆಲಸ ಮಾಡಲ್ವಂತೆ. ಮೂರು ಸಲ ಬರೆದುಕೊಟ್ಟೆ."

"ನಿಧಾನಕ್ಕೆ ನೋಡೋಣ ಅಂದಿದ್ನಲ್ಲಮ್ಮ!" ಎಂದರು ಮ್ಯಾನೇಜರ್.

"ಲಾರಿ ಇವತ್ತೇ ಹೊರಟಿತ್ತಲ್ಲ ಸಾರ್."

"7.12ಕ್ಕೆ ಎಲ್ಲಿದ್ರಿ?" ಇನ್‌ಸ್ಪೆಕ್ಟರ್ ಅವಳನ್ನು ಕೇಳಿದರು.

"ಇದೇ ಕುರ್ಚೀಲಿ."

ಲಾರಿಯಿಂದ ಹತ್ತೊಂಬತ್ತನ್ನೂ ಇಳಿಸಿ ಪರೀಕ್ಷೆಗೆ ಕಳಿಸಲಾಯಿತು. ಮಧ್ಯಾಹ್ನ 2.50ಕ್ಕೆ ವರದಿ ಬಂತು: ನಾಲ್ಕು ಸಿಲಿಂಡರ್ ಒತ್ತಡ ತಡೆಯಲಿಲ್ಲ, ದಾರಿಯಲ್ಲೇ ಸಿಡಿಯಬಹುದಿತ್ತು. ಮ್ಯಾನೇಜರ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಅವರಿಗೂ ನೋಟಿಸ್ ಹೋಯಿತು.

3.20ಕ್ಕೆ ಗುಮಾಸ್ತೆಯ ಬಂಧನ. ಜೀಪಿನಲ್ಲಿ ಪೇದೆ ಮೆಲ್ಲಗೆ ಕೇಳಿದಳು, "ಅಕ್ಕ, ಇದನ್ನೆಲ್ಲ ಯಾರು ಕಲಿಸಿದ್ರು?"

"ಯಾರೂ ಇಲ್ಲ. ಕೆಟ್ರೆ ಕೆಡ್ಲಿ ಅಂತ ಒತ್ತಿ ಒತ್ತಿ ನೋಡ್ದೆ."

ಇನ್‌ಸ್ಪೆಕ್ಟರ್‌ಗೂ ನಗು ತಡೆಯಲಾಗಲಿಲ್ಲ. ಲೋಡಿಂಗ್ ಆಳುಗಳ ಪಟ್ಟಿಯಲ್ಲಿ ಅವಳ ಗಂಡನ ಹೆಸರು ನೋಡಿದ್ದ ಅವರು, ಕೃತ್ಯಕ್ಕೆ ಕಾರಣವೆಂದು ಅದನ್ನೇ ಡೈರಿಯಲ್ಲಿ ಬರೆದಿದ್ದರು. ಆದರೂ ಕೇಳಿದರು, "ಯಜಮಾನ್ರು ಆ ಲಾರೀಲಿ ಹೋಗ್ತಾರಂತಲ್ಲ, ಅದಕ್ಕೇ ತಾನೆ?"

"ಅವ್ರಿಗೆ ಇವತ್ತು ರಜೆ ಸಾರ್. ಮಿಕ್ಕ ಐದು ಜನ ಹೋಗ್ತಿದ್ರು."

ಇನ್‌ಸ್ಪೆಕ್ಟರ್ ಆ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದರು: ಲಾರಿಯಲ್ಲಿ ಐದು ಜನ ಹೋಗುವವರಿದ್ದರು.