ನಾಯಿಗೆ ಹಾಕಿದ ಕೇಸರಿ ಬನ್ನು

ಲೇಡಿ ಸಿಸಿಲಿಗೆ ಎದೆಹಾಲು ಇರಲಿಲ್ಲ.

ಬಂದಿತ್ತು, ಬತ್ತಿಸಿಕೊಂಡಳು. ಹೆತ್ತ ವಾರದಲ್ಲೇ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಸಿ, ಕರ್ಪೂರದ ಎಣ್ಣೆ ಹಚ್ಚಿಸಿಕೊಂಡಳು. ಆ ವರ್ಷ ಲಂಡನ್ನಿನ ದರ್ಜಿಗಳು ಉಡುಪು ಹೊಲಿಯುತ್ತಿದ್ದದ್ದೇ ಹಲಗೆಯಂಥ ಎದೆಗೆ. ಅವಳ ಮನೆತನದಲ್ಲಿ ಇದೇನು ಹೊಸದಲ್ಲ. ಅವಳ ತಾಯಿ ಹಾಲೂಡಿಸಲಿಲ್ಲ, ಅಜ್ಜಿ ಊಡಿಸಲಿಲ್ಲ, ಮುತ್ತಜ್ಜಿ ಮಗುವನ್ನು ನೋಡುತ್ತಿದ್ದದ್ದೇ ಭಾನುವಾರ. ಟ್ರೆವಾರ್ಡೆನ್ ಹೆಂಗಸರು ಹೆರುತ್ತಿದ್ದರು. ಊಡುವುದಕ್ಕೆ ತವರದ ಗಣಿಯ ಕೂಲಿಗಳ ಹೆಂಡಿರಿದ್ದರು. ಮೆಟ್ಟಿಲ ಗೋಡೆಯ ಮೇಲೆ ತಲೆಮಾರುಗಳ ಚಿತ್ರಗಳು ತೂಗುತ್ತಿದ್ದವು. ಹಾಲು ಕೊಟ್ಟವರ ಚಿತ್ರ ಒಂದೂ ಇರಲಿಲ್ಲ.

ದೊಡ್ಡಪ್ಪನ ಗಂಡುಮಕ್ಕಳು ಯುದ್ಧದಲ್ಲಿ ಸತ್ತು ಕಾರ್ನ್‌ವಾಲಿನ ಆ ಮನೆ ಸಿಸಿಲಿಗೆ ಬಂದಿತ್ತು. ಮಗ ಪಿಯರ್ಸನ ದೀಕ್ಷಾಸ್ನಾನವನ್ನು ಅಲ್ಲೇ ಮಾಡಿಸುತ್ತೇನೆಂದು ಹೊರಟು ಬಂದಳು. ಹಳೇ ಮನೆ, ಹಳೇ ಚರ್ಚು, ಹೊಸ ಮಗು. ಲಂಡನ್ನಿನ ಪತ್ರಿಕೆಯವರಿಗೆ ಇಷ್ಟು ಸಾಕು.

"ಕಾರು ಬೇಡ ಕಣೇ. ನಡ್ಕೊಂಡು ಹೋಗು," ಎಂದಳು ಅರ್ಸುಲತ್ತೆ. ಸಿಸಿಲಿಯ ತಂದೆಯ ಅಕ್ಕ. ಮದುವೆಯಾಗದೆ ಆ ಮನೆಯಲ್ಲೇ ಮುದುಕಿಯಾದವಳು. ಬಟ್ಟೆಯಲ್ಲಿ ಸುತ್ತಿದ ಕೇಸರಿ ಬನ್ನೊಂದನ್ನು ಮೇಜಿನ ಮೇಲಿಟ್ಟಳು. "ದಾರೀಲಿ ಮೊದಲು ಎದುರಾದೋರಿಗೆ ಇದನ್ನ ಕೊಡ್ಬೇಕು. ಕೆಜಾಯಾ ಹಾಕಿಂಗ್ ನಿಂತಿರ್ತಾಳೆ. ಅವಳ ಕೈಗೇ ಕೊಡು."

"ಮೊದಲು ಎದುರಾಗೋರನ್ನೇ ಮೊದ್ಲೇ ಗೊತ್ತುಮಾಡಿ ನಿಲ್ಲಿಸ್ತೀರಾ? ಭೇಷ್ ಅತ್ತೆ. ನಮ್ಮ ಚುನಾವಣೆ ಇದ್ದ ಹಾಗಿದೆ."

"ನಗಬೇಡ. ನನ್ನ ತಮ್ಮ ರಾಲ್ಫ್‌ನ ಚರ್ಚಿಗೆ ಕರ್ಕೊಂಡು ಹೋದಾಗ ಹಿಮ ಬೀಳ್ತಿತ್ತು. ಗಾಡಿ ನಿಲ್ಲಿಸ್ಲಿಲ್ಲ. ಸಂಜೆಯಿಂದ ಬಾಯಿ ಕಚ್ಚಿಕೊಳ್ತು. ಬಿಡಿಸೋಕೆ ಹೋದ್ರೆ ಬೆಳ್ಳಿ ಚಮಚ ಬಾಗಿತು, ಬಾಯಿ ಬಿಡಲಿಲ್ಲ. ಹಸಿದೇ ಸತ್ತ."

"ನನ್ನ ದೀಕ್ಷಾಸ್ನಾನ ಲಂಡನ್ನಲ್ಲಿ ಆಯ್ತಲ್ಲ? ನಾನು ಬದುಕಿಲ್ವಾ?"

"ಕೆಜಾಯಾನ ರೈಲು ಹತ್ತಿಸಿ ಕಳಿಸಿದ್ವಿ. ಚರ್ಚಿನ ಬಾಗಿಲಲ್ಲಿ ನಿಂತು ಬನ್ನು ಇಸ್ಕೊಂಡು ಬರೋಕೆ."

ಕತೆಯನ್ನು ಅತ್ತೆ ಅರ್ಧ ಹೇಳಿದಳು, ಅರ್ಧ ನುಂಗಿದಳು. ನಿಜ ಇಷ್ಟು: ಆಲೂಗಡ್ಡೆ ಕೊಳೆತ ವರ್ಷ ಕೆಜಾಯಾಳ ಅಜ್ಜಿ ಲವ್‌ಡೇ, ಆಗಷ್ಟೇ ಎರಡು ಹಲ್ಲು ಮೂಡಿದ್ದ ತನ್ನ ಕೂಸನ್ನು ಬಿಟ್ಟು, ಸಿಸಿಲಿಯ ಅಜ್ಜನಿಗೆ ಹಾಲೂಡಲು ಈ ಮನೆಗೆ ಬಂದಳು. ಮನೆಗೆ ಹೋದರೆ ಹಾಲು ಹಂಚಿಹೋಗುತ್ತದೆಂದು ಅವಳನ್ನು ಕೋಣೆಯಲ್ಲಿ ಕೂಡಿಹಾಕಿದರು. ದೀಕ್ಷಾಸ್ನಾನದ ದಿನ ಲವ್‌ಡೇಯ ತಾಯಿ, ಬನ್ನಿನ ಆಸೆಗೆ, ಸೊರಗಿದ ಆ ಕೂಸನ್ನೆತ್ತಿಕೊಂಡು ಕಲ್ಲಿನ ಶಿಲುಬೆಯ ಬಳಿ ದಾರಿಗೆ ಅಡ್ಡ ನಿಂತಳು. ಸಾರೋಟು ನಿಲ್ಲಲಿಲ್ಲ. ಕೂಸು ಹಸಿವಿನಿಂದ ಅಲ್ಲೇ ಪ್ರಾಣಬಿಟ್ಟಿತು. ಸುದ್ದಿ ತಿಳಿದ ಲವ್‌ಡೇ ತನ್ನ ಹಾಲಲ್ಲಿ ಹಿಟ್ಟು ಕಲಸಿ ಗೊಂಬೆ ಮಾಡಿದಳು. ಅದರ ಬಾಯಿಗೆ ಸೂಜಿ ಚುಚ್ಚಿ ಅಗ್ಗಿಷ್ಟಿಕೆಯ ಗೋಡೆಯೊಳಗೆ ಎಲ್ಲೋ ಹುದುಗಿಸಿದಳು. 'ನನ್ನ ಕೂಸಿಗೆ ತಪ್ಪಿದ ತುತ್ತು ಈ ಮನೆಯ ಕೂಸುಗಳ ಗಂಟಲಲ್ಲಿ ಇಳಿಯದಿರಲಿ' ಎಂದಳು. ಅವಳ ಹಾಲು ಕುಡಿದಿದ್ದ ಅಜ್ಜ ಬದುಕಿದ. ಗೊಂಬೆ ಯಾರಿಗೂ ಸಿಗಲಿಲ್ಲ. ಅಂದಿನಿಂದ, ರಾಲ್ಫನ ಸಲ ಬಿಟ್ಟರೆ, ಟ್ರೆವಾರ್ಡೆನ್ನರು ಹಾಕಿಂಗರಿಗೆ ಬನ್ನು ಕೊಡುತ್ತ ಬಂದರು. ಬನ್ನು ಮಾತ್ರ. ತಪ್ಪಾಯಿತು ಎಂದು ಒಬ್ಬರೂ ಹೇಳಲಿಲ್ಲ.

"ಹಿಟ್ಟಿನ ಗೊಂಬೆ!" ಸಿಸಿಲಿ ಸಿಗರೇಟು ಆರಿಸಿದಳು. "ಇಲಿ ತಿಂದಿರುತ್ತೆ ಬಿಡಿ ಅತ್ತೆ."

ಕಾರಿನಲ್ಲೇ ಹೊರಟಳು. ತೊಡೆಯ ಮೇಲೆ ನಾಯಿ ಮಾಂಟಿ, ಪಕ್ಕದಲ್ಲಿ ಮಗು ಎತ್ತಿಕೊಂಡ ದಾದಿ, ಎದುರು ಸೀಟಿನಲ್ಲಿ ಪತ್ರಿಕೆಯ ಫೋಟೋದವನು. ಕಲ್ಲಿನ ಶಿಲುಬೆಯ ಬಳಿ ಕಪ್ಪು ಟೋಪಿಯ ಮುದುಕಿಯೊಬ್ಬಳು ನಿಂತಿದ್ದಳು. ಕಾರು ನಿಂತಿತು. ಕೆಜಾಯಾ ಕೈ ಚಾಚಿದಳು.

"ಹಸಿವಾಗಿದ್ಯಾ ನಿಂಗೆ?" ಸಿಸಿಲಿ ಕೇಳಿದಳು.

"ಇಲ್ಲಮ್ಮಾ. ಹಸಿವಿಲ್ಲ. ಆದ್ರೂ ಕೊಡಿ."

"ಹಸಿವಿಲ್ದೋರಿಗೆ ಕೊಡೋದು ಪಾಪ ಅಲ್ವಾ?" ಫೋಟೋದವನ ಕಡೆ ಕಣ್ಣು ಹೊಡೆದಳು. "ಮೊದಲು ಎದುರಾದೋನು ನಮ್ಮ ಮಾಂಟಿ! ಹಾಸಿಗೆಯಿಂದ ಏಳೋಕೆ ಮುಂಚೆನೇ ಎದುರಾದ."

ನಾಯಿ ಬನ್ನು ನುಂಗಿತು. ಕ್ಯಾಮೆರಾ ಕ್ಲಿಕ್ಕೆಂದಿತು.

"ಅಯ್ಯೋ, ನನಗಲ್ಲಮ್ಮ ಅದು," ಎಂದಳು ಕೆಜಾಯಾ. ಚಾಚಿದ ಕೈ ಹಾಗೇ ಇತ್ತು. ಅವಳು ನೋಡುತ್ತಿದ್ದದ್ದು ಸಿಸಿಲಿಯನ್ನಲ್ಲ. ಕಾರಿನ ಬಾಗಿಲ ಬಳಿ, ನೆಲಕ್ಕಿಂತ ಮೊಳದೆತ್ತರದಲ್ಲಿ, ಏನನ್ನೋ. "ಹತ್ತಿಬಿಡ್ತು."

ದೀಕ್ಷಾಸ್ನಾನ ಮುಗಿಸಿ ಎಲ್ಲರೂ ಮನೆಗೆ ಮರಳಿದರು. ಮಧ್ಯಾಹ್ನದ ಚಹಾದ ಹೊತ್ತಿಗೆ ಸಮುದ್ರದ ಮಂಜು ಬಂದು ಕಿಟಕಿಗಳಿಗೆ ಅಂಟಿಕೊಂಡಿತು. ಹಗಲೇ ದೀಪ ಹಚ್ಚಿದರು. ಗ್ರಾಮಫೋನು ಹಾಡುತ್ತಿತ್ತು. ಮಾಂಟಿ ಮನೆಯೊಳಗೆ ಬರಲೊಲ್ಲದೆ ಹೊರಗೆ ಕುಂಯ್‌ಗುಡುತ್ತಿತ್ತು. ಎಲ್ಲಿಂದಲೋ ಹಳಸಿದ ಹಾಲಿನ ವಾಸನೆ. ಅದರ ಹಿಂದೆಯೇ ಕೇಸರಿಯ ಘಮ. ಹಾಡು ಮುಗಿದು ತಟ್ಟೆ ಸುಮ್ಮನೆ ತಿರುಗುವಾಗ ಸಿಸಿಲಿಗೆ ಕೇಳಿಸಿತು. ಅಗ್ಗಿಷ್ಟಿಕೆಯ ಗೋಡೆಯೊಳಗೆ ಚೀಪುವ ಸದ್ದು. ಪುಟ್ಟ ಬಾಯಿಯದು. ಏನೂ ಸಿಗದ ಬಾಯಿಯದು.

ದಾದಿ ಮೆಟ್ಟಿಲಿಳಿದು ಓಡಿ ಬಂದಳು. "ಮೇಡಂ, ಮಗು ಬಾಟ್ಲಿ ತಗೋತಿಲ್ಲ. ಬಾಯಿನೇ ಬಿಡ್ತಿಲ್ಲ."

ಅತಿಥಿಗಳಲ್ಲಿದ್ದ ವೈದ್ಯ ಸಿಸಿಲಿಯ ಜೊತೆ ಮೇಲೆ ಹೋಗಿ ನೋಡಿದ. ಕೆನ್ನೆ ಒತ್ತಿದ, ಮೂಗು ಹಿಡಿದ. ತುಟಿಗಳು ಹೊಲಿದಂತಿದ್ದವು. ಪಿಯರ್ಸ್ ಬಾಯಿ ಮುಚ್ಚಿಕೊಂಡೇ ಅಳುತ್ತಿದ್ದ. ಒಳಗೊಳಗೇ, ಮೂಗಿನಲ್ಲಿ, ನೀಲಿಗಟ್ಟುತ್ತ. ಅರ್ಸುಲತ್ತೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು. "ಯಾರಿಗೆ ಕೊಟ್ಟೆ?"

ಸಿಸಿಲಿ ಎದೆ ಮುಟ್ಟಿ ನೋಡಿಕೊಂಡಳು. ಅವಳ ರೇಷ್ಮೆ ಉಡುಪಿನ ಎದೆ ಒದ್ದೆಯಾಗುತ್ತಿತ್ತು. ಬತ್ತಿದ್ದ ಹಾಲು ಬಿಸಿಯಾಗಿ, ತಡೆಯಿಲ್ಲದೆ, ಹೊಟ್ಟೆಯವರೆಗೆ ಇಳಿಯುತ್ತಿತ್ತು. ಗೋಡೆಯೊಳಗಿನ ಚೀಪುವ ಸದ್ದು ನಿಂತಿತು. ಈಗ ಅದು ಕೋಣೆಯೊಳಗಿತ್ತು.

ಮಗುವನ್ನು ಕಂಬಳಿಯಲ್ಲಿ ಸುತ್ತಿ ಕೆಜಾಯಾಳ ಮನೆಗೆ ಓಡಿದಳು. ಮಂಜು. ಕೆಸರು. ಒಂದು ಚಪ್ಪಲಿ ಹೋಯಿತು. ಹಿಂದೆ ಏನೋ ಅಂಬೆಗಾಲಿಡುತ್ತಿತ್ತು. ಚಪ್. ಚಪ್. ಅವಳು ಓಡಿದಷ್ಟೂ ವೇಗವಾಗಿ. ಸೆರಗು ಜಗ್ಗಿದಂತೆ ಉಡುಪಿನ ಅಂಚು ಜಗ್ಗಿತು. ಕೆಜಾಯಾಳ ಬಾಗಿಲು ತೆರೆದೇ ಇತ್ತು.

"ಬನ್ನು ಕೊಡ್ತೀನಿ! ಎಷ್ಟು ಬೇಕಾದ್ರೂ!"

"ಬನ್ನಿನ ಹೊತ್ತು ಮೀರಿತು," ಎಂದಳು ಕೆಜಾಯಾ. "ಪ್ರತಿ ಸಲ ನಾನು ಇಸ್ಕೊಂಡು ಆ ಶಿಲುಬೆ ಕಲ್ಲಿನ ಹತ್ರ ಇಡ್ತಿದ್ದೆ. ನಮ್ಮಜ್ಜಿ ಕೂಸು ಅಲ್ಲೇ ಕಾಯ್ತಿತ್ತು. ಇವತ್ತು ನೀವು ನಾಯಿಗೆ ಹಾಕಿದ್ರಿ. ಅದೂ ನಾಯಿ ಜೊತೆ ನಿಮ್ಮನೆಗೆ ಬಂತು."

"ಏನ್ ಮಾಡ್ಲಿ ಹೇಳು!"

"ಕೂತ್ಕೊಳ್ಳಿ. ಎದೆ ಬಿಚ್ಚಿ. ಅದಕ್ಕೆ ಕುಡಿಸಿ."

"ಕುಡಿಸಿದ್ರೆ ಹೋಗುತ್ತಾ?"

"ನಂಗೇನು ಗೊತ್ತು? ನಿಮ್ಮನೆಯೋರು ಇಲ್ಲಿವರೆಗೆ ಯಾರೂ ಕುಡಿಸಿಲ್ಲ."

ಸಿಸಿಲಿ ಕಲ್ಲುನೆಲದ ಮೇಲೆ ಕೂತಳು. ಎಡತೋಳಿನಲ್ಲಿ ಪಿಯರ್ಸ್. ಬಲತೊಡೆಯ ಮೇಲೆ ಭಾರವೊಂದು ಹತ್ತಿತು. ಎಲುಬಿನ ಭಾರ. ತಣ್ಣಗಿನ ಒಸಡು. ಎರಡು ಹಲ್ಲು. ಕಚ್ಚಿತು. ಕುಡಿಯಿತು. ಅವಳು ಕಿರುಚಲಿಲ್ಲ. ಕುಡಿಯಿತು. ದೀಪ ಸಣ್ಣಗಾಯಿತು. ಕುಡಿಯಿತು. ಆಮೇಲೆ ಭಾರ ಇಳಿಯಿತು.

ಪಿಯರ್ಸ್ ಬಾಯಿ ತೆರೆದ.

ಸಿಸಿಲಿ ಅಳುತ್ತ ನಕ್ಕಳು. ಹುಟ್ಟಿದಂದಿನಿಂದ ಮೊದಲ ಸಲ ಮಗನನ್ನು ಎದೆಗೆ ಒತ್ತಿಕೊಂಡಳು. ಅವನು ಆತುರದಿಂದ ಹಿಡಿದ. ಅವಳ ನಗು ನಿಂತಿತು. ಬೆರಳಿನಿಂದ ಅವನ ಕೆಳತುಟಿ ಸರಿಸಿ ನೋಡಿದಳು. ಇನ್ನೂ ತಿಂಗಳು ತುಂಬದ ಒಸಡಿನಲ್ಲಿ ಎರಡು ಹಲ್ಲು.

ಕೂಸು ಅವಳ ಕಡೆ ತಿರುಗಲಿಲ್ಲ. ಕೆಜಾಯಾಳನ್ನೇ ನೋಡಿತು, ಮನೆಯವರನ್ನು ಗುರುತಿಸಿದಂತೆ. ಕೆಜಾಯಾ ಗೋಡೆಗೆ ಒರಗಿ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು.

"ನನ್ನ ಮಗ ಎಲ್ಲಿ?" ಸಿಸಿಲಿ ಪಿಸುಗುಟ್ಟಿದಳು.

ಉತ್ತರ ಹೊರಗಿನಿಂದ ಬಂತು. ಕಲ್ಲಿನ ಶಿಲುಬೆಯ ಕಡೆಯಿಂದ, ಮಂಜಿನಲ್ಲಿ, ಬಾಯಿ ಮುಚ್ಚಿಕೊಂಡು ಅಳುವ ಕೂಸಿನ ದನಿ. ಅವಳು ಹೋಗಿ ಹುಡುಕಿದಳು. ದನಿ ಇತ್ತು, ಕೂಸಿರಲಿಲ್ಲ.

ಮುಂದಿನ ವಾರ ಪತ್ರಿಕೆಯಲ್ಲಿ ನಾಯಿಯ ಫೋಟೋ ಬಂತು. ಮಗು ಚೆನ್ನಾಗಿ ಬೆಳೆಯಿತು. ಮನೆ, ಗಣಿ, ಹೆಸರು ಎಲ್ಲ ಅದರದ್ದಾಯಿತು. ಸಿಸಿಲಿ ಮತ್ತೆ ಲಂಡನ್ನಿಗೆ ಹೋಗಲಿಲ್ಲ. ದಿನಾ ಆ ಕಲ್ಲಿನ ಬಳಿ ಬನ್ನು ಇಡುತ್ತಾಳೆ. ತಿನ್ನಲು ಅಲ್ಲಿರುವ ಕೂಸಿಗೆ ಬಾಯಿ ಬಿಡಲಾಗುವುದಿಲ್ಲ.

ಹೋದದ್ದು ಮೂರು ಕೂಸು: ಲವ್‌ಡೇಯದು, ರಾಲ್ಫ್, ಪಿಯರ್ಸ್. ಗೋರಿ ಇರುವುದು ರಾಲ್ಫನೊಬ್ಬನಿಗೇ.