ನಲವತ್ತೊಂದು ಸೀನು

ಹನ್ನೊಂದು ನಿಮಿಷ!

ಬರೆದುಕೊಳ್ಳಿ ಡಾಕ್ಟ್ರೇ. ಒಳಗೆ ಎಷ್ಟು ಹೊತ್ತಿದ್ದೆ ಎಂದು ನೀವೇ ತಾನೆ ಕೇಳಿದ್ದು? ಹನ್ನೊಂದು ನಿಮಿಷ. ಗೋಡೆಯ ಮೇಲೆ ಗಡಿಯಾರವಿತ್ತು. ನೋಡುವುದಕ್ಕೆ ಬೇರೇನೂ ಇರಲಿಲ್ಲ.

ಅದ್ಯಾಕೆ ಆ ಹಾಳೆಯನ್ನು ಮಗುಚಿಟ್ಟಿರಿ? ಇರಲಿ... ಮೊದಲು ನನ್ನ ಮಾತು ಮುಗಿಯಲಿ.

ಕಾಂಕ್ರೀಟ್ ರೂಮು. ಒಂದೇ ಬಾಗಿಲು. ಅದು ನನ್ನ ಬೆನ್ನ ಹಿಂದೆ ಧಡ್ ಎಂದು ಮುಚ್ಚಿಕೊಂಡಿತು. ಹೊರಗೆ ಚಿಲಕ ಬಿತ್ತು. ಆಮೇಲೆ ಕರ್... ಕರ್... ಕರ್... ಯಾರೋ ಹ್ಯಾಂಡಲ್ ತಿರುಗಿಸುತ್ತಿದ್ದರು.

ತಲೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ಬೀಪ್! ಬೀಪ್! ಬೀಪ್!

ಆ ಹ್ಯಾಂಡಲ್ ಏನು ಮಾಡುತ್ತದೆ ಎಂದು ಮಧ್ಯಾಹ್ನವಷ್ಟೇ ತಿಳಿದುಕೊಂಡಿದ್ದೆ. ದಪ್ಪ ಪೈಪಿನ ಬೆಸುಗೆಗೆ ಎಕ್ಸ್‌ರೇ ತೆಗೆಯಲು ಒಂದು ಭಾರದ ಪೆಟ್ಟಿಗೆ ಇರುತ್ತದೆ. ಅದರೊಳಗೆ ವಿಕಿರಣ ಸೂಸುವ, ಉಗುರಿನಷ್ಟು ಲೋಹದ ಚೂರು. ಹ್ಯಾಂಡಲ್ ತಿರುಗಿಸಿದರೆ ಆ ಚೂರು ಕೊಳವೆಯೊಳಗೆ ಸರಿದು ಹೊರಗೆ ಬರುತ್ತದೆ. ಆಗ ರೂಮಿನಲ್ಲಿ ಯಾರೂ ಇರಬಾರದು.

ನಾನಿದ್ದೆ!

"ಫೋಟೋ ವಿಷಯ ಕೆದಕೋಕೆ ಬಂದಿದ್ದೆ ಅಲ್ವಾ?" ಹೊರಗಿನಿಂದ ಕೂಗು. "ನಿಂದೇ ತೆಗೀತಾ ಇದೀನಿ! ನಾಳೆ ಬೆಳಿಗ್ಗೆ ಬಾಗಿಲು ತೆಗೀತೀನಿ... ನಗ್ತಾ ಇರು!"

ಅದು ಎಕ್ಸ್‌ರೇ ಕಂಟ್ರಾಕ್ಟರ್‌ನ ದನಿ. ಪ್ಲಾಂಟಿನಲ್ಲಿ ಎಲ್ಲರೂ ಅವನನ್ನು ಕರೆಯುವುದು 'ನೆಗೆಟಿವ್' ಎಂದು. ಫಿಲ್ಮ್ ತೊಳೆಯುವ ಕೆಲಸಕ್ಕೂ ಆ ಹೆಸರು ಹೊಂದುತ್ತದೆ, ಮುಖಕ್ಕೂ ಹೊಂದುತ್ತದೆ.

ಬಾಗಿಲಿಗೆ ಎರಡು ಸಲ ಭುಜ ಕೊಟ್ಟೆ. ಅದು ಜಪ್ಪಯ್ಯ ಅನ್ನಲಿಲ್ಲ. ಮೂಲೆಯಲ್ಲಿ ಸೀಸದ ಹಾಳೆಗಳನ್ನು ಪೇರಿಸಿಟ್ಟಿದ್ದರು. ಓಡಿ ಅದರ ಹಿಂದೆ ಮುದುಡಿಕೊಂಡೆ. ಗಡಿಯಾರ ಮೂರೂ ಇಪ್ಪತ್ತೈದು ತೋರಿಸುತ್ತಿತ್ತು. ನಾಲ್ಕಕ್ಕೆ ಹತ್ತೊಂಬತ್ತು ಜನ ಬೆಂದು ಹೋಗುವವರಿದ್ದರು. ಅದು ಗೊತ್ತಿದ್ದವನು ನಾನು... ನಾನು ಇಲ್ಲಿ!

ಅಲ್ಲಿಗೆ ಹೇಗೆ ಬಂದೆ ಅಂತೀರಾ? ಹೇಳುತ್ತೇನೆ.

ನನ್ನ ಕಸುಬು ಮೊದಲು ಗೊತ್ತಿರಲಿ. ಕಂಪನಿಗಳು ಕೈ ಕೊಳೆ ಮಾಡಿಕೊಳ್ಳಲು ಇಷ್ಟವಿಲ್ಲದ ಕೆಲಸವನ್ನು ನಾನು ಮಾಡಿಕೊಡುತ್ತೇನೆ. ಕಾಣೆಯಾದ ಫೈಲು ಹುಡುಕುತ್ತೇನೆ. ಬಾಯಿ ಬಿಡುವವರ ಬಾಯಿ ಮುಚ್ಚಿಸುತ್ತೇನೆ. ಹೆಮ್ಮೆಯ ಕಸುಬಲ್ಲ. ಆದರೆ ಈ ಅಣು ವಿದ್ಯುತ್ ಪ್ಲಾಂಟಿನ ಕೆಲಸವನ್ನು ಮಾತ್ರ ಖುಷಿಯಿಂದಲೇ ಮಾಡುತ್ತಿದ್ದೆ. ನನ್ನ ಅಪ್ಪ ಕಲ್ಲಿದ್ದಲಿನ ಪ್ಲಾಂಟಿನಲ್ಲಿ ಬಾಯ್ಲರ್ ಕೆಲಸ ಮಾಡಿದವನು. ಒಂಬತ್ತು ವರ್ಷ ಕೆಮ್ಮಿ ಕೆಮ್ಮಿ ಸತ್ತ. ಅವನ ಕರವಸ್ತ್ರಗಳನ್ನು ಅಮ್ಮ ಎಷ್ಟು ತೊಳೆದರೂ ಬಿಳಿಯಾಗಲಿಲ್ಲ. ಇಲ್ಲಿ ಹೊಗೆ ಇಲ್ಲ, ಬೂದಿ ಇಲ್ಲ. ಇದಕ್ಕಿಂತ ಒಳ್ಳೆಯದು ಏನು ಬೇಕು ಎಂದುಕೊಂಡಿದ್ದೆ, ಇಲ್ಲಿನ ಡೈರೆಕ್ಟರ್‌ಗೂ ಅಪ್ಪನ ಕಥೆ ಹೇಳಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಡೈರೆಕ್ಟರ್ ಕರೆಸಿದ. ದೊಡ್ಡ ಗಾಜಿನ ರೂಮು. ಕಿಟಕಿಯಾಚೆ ರಸ್ತೆ, ಅದರಾಚೆ ಯಾರೋ ಬೇರೆ ಕಂಪನಿಯವರು ಸಾಲು ಸಾಲಾಗಿ ಹಾಕುತ್ತಿದ್ದ ಸೋಲಾರ್ ಪ್ಯಾನೆಲ್‌ಗಳು. ಅವನು ಆ ಕಡೆ ಬೆನ್ನು ಹಾಕಿಯೇ ಕೂತಿದ್ದ.

"ಒಬ್ಬ ರಿಟೈರ್ಡ್ ವೆಲ್ಡರ್. ನಮ್ಮ ಎಕ್ಸ್‌ರೇ ಫಿಲ್ಮ್ ಕದ್ದಿದಾನೆ."

"ಎಷ್ಟು?"

"ಒಂದು ಕವರ್. ಸಂಜೆ ನಾಲ್ಕಕ್ಕೆ ಮೇನ್ ಲೈನ್‌ಗೆ ಮೊದಲ ಸಲ ಸ್ಟೀಮ್ ಬಿಡ್ತೀವಿ. ಅಷ್ಟರೊಳಗೆ ಅದು ನನ್ನ ಟೇಬಲ್ ಮೇಲಿರಬೇಕು."

"ಫಿಲ್ಮ್‌ನಲ್ಲಿ ಏನಿದೆ?"

"ನಿಮಗೆ ಬೇಡದ್ದು!"

ಪ್ಲಾಂಟಿನ ಪಾಸ್ ಒಂದನ್ನು ನನ್ನತ್ತ ತಳ್ಳಿದ. ಎಲ್ಲಿ ಬೇಕಾದರೂ ಹೋಗಬಹುದಾದ ಪಾಸ್. ಪಾಪ, ಎಂಥ ತಪ್ಪು ಮಾಡಿದ!

ವೆಲ್ಡರ್ ಸಿಗಲು ನನಗೆ ಐದು ಗಂಟೆ ಹಿಡಿಯಿತು. ಬಾಡಿಗೆ ಶೆಡ್ಡಿನಲ್ಲಿ ಕಿಟಕಿ ಗ್ರಿಲ್ ಬೆಸೆಯುತ್ತಾ ಕೂತಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ತೋಳಿನ ತುಂಬಾ ಕಿಡಿ ಸಿಡಿದ ಕಲೆ. ಪ್ಲಾಂಟಿನವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರಂತೆ. ನನ್ನ ಬೂಟಿನ ಧೂಳು ಎದ್ದಿತ್ತೇನೋ...

ಹಾ... ಹಾ... ಹಾಕ್ಷೀ!

ತಗಡಿನ ಸೂರು ಗಡಗಡ ಎಂದಿತು. ಸುಳ್ಳಲ್ಲ ಡಾಕ್ಟ್ರೇ, ನಾನು ಎರಡು ಹೆಜ್ಜೆ ಹಿಂದೆ ಹಾರಿದೆ!

"ಫಿಲ್ಮ್ ಕೊಡಿ ಮೇಸ್ತ್ರಿ. ಸುಮ್ನೆ ರಗಳೆ ಬೇಡ."

"ಕದ್ದಿಲ್ಲ ತಮ್ಮಾ." ಅವರು ಮೂಗು ಒರೆಸಿಕೊಂಡರು. "ಹೋದ ವಾರ ರಿಟೈರ್ ಆದೆ. ನನ್ನ ಕೊನೇ ಜಾಯಿಂಟ್‌ದು ಫಿಲ್ಮ್ ಒಂದು ನೆನಪಿಗೆ ಬೇಕು ಅಂತ ಕೇಳ್ದೆ. ಅಲ್ಲಿನ ಕ್ಲರ್ಕ್ ಅವಸರದಲ್ಲಿ ಇಡೀ ಕವರ್ ಎತ್ತಿ ಕೊಟ್ಟ."

ಊಟದ ಡಬ್ಬಿ ತೆಗೆದರು. ಒಳಗೆ ಊಟ ಇರಲಿಲ್ಲ. ಸುತ್ತಿಟ್ಟ ಫಿಲ್ಮ್‌ಗಳಿದ್ದವು. ಒಂದನ್ನು ಬಿಸಿಲಿಗೆ ಹಿಡಿದರು. ಕಪ್ಪು ಹಾಳೆಯ ನಡುವೆ ಬಿಳಿಯ ಪಟ್ಟಿ. ಮೂಲೆಯಲ್ಲಿ ಜಾಯಿಂಟ್ ನಂಬರ್.

"ಇದು ನನ್ನ ಕೈ. ಮಕ್ಕಳ ಅಕ್ಷರ ನೋಡಿ ಯಾರದು ಅಂತ ಹೇಳಲ್ವಾ, ಹಂಗೆ. ಇಲ್ನೋಡು, ಪಟ್ಟಿ ಇಲ್ಲಿ ಒಂದು ಅಕ್ಕಿ ಕಾಳಷ್ಟು ದಪ್ಪ ಆಗಿದೆ."

"ಏನದು? ಬಿರುಕಾ?"

"ಸೀನು."

"ಏನು?"

"ಸೀನು ಬಂತಪ್ಪಾ! ಕೈ ಅಲುಗಾಡ್ತು. ಬೆಸುಗೆ ಗಟ್ಟಿಯಾಗೇ ಇದೆ, ಪಾಸೂ ಆಯ್ತು. ಮೂವತ್ತೆರಡು ವರ್ಷದಲ್ಲಿ ಬೆಸುಗೆ ಮಧ್ಯೆ ಸೀನಿದ್ದು ಅದೊಂದೇ ಸಲ. ಈಗ ಈ ಎರಡನೇದು ನೋಡು. ನಂಬರ್ ಬೇರೆ."

ನೋಡಿದೆ. ಅದೇ ಜಾಗ. ಅದೇ ಅಕ್ಕಿ ಕಾಳು.

"ಮೂರನೇದು?"

ಅದೇ.

"ನಲವತ್ತೊಂದು ಫಿಲ್ಮ್ ಇದಾವೆ ತಮ್ಮಾ. ನಲವತ್ತೊಂದರಲ್ಲೂ ನಾನು ಸೀನಿದೀನಿ!"

ನನಗೆ ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ನೆಗೆಟಿವ್ ಒಂದೇ ಒಂದು ಒಳ್ಳೆಯ ಪೈಪು ಇಟ್ಟುಕೊಂಡು, ನಂಬರ್ ಬದಲಿಸಿ ಬದಲಿಸಿ ಅದಕ್ಕೇ ನಲವತ್ತೊಂದು ಸಲ ಎಕ್ಸ್‌ರೇ ತೆಗೆದಿದ್ದ. ಉಳಿದ ನಲವತ್ತು ಜಾಯಿಂಟ್‌ಗಳ ಹೊಟ್ಟೆಯೊಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ.

"ನಾಲ್ಕಕ್ಕೆ ಆ ಲೈನಿನ ಕೀ ತಿರುಗಿಸೋಳು ನನ್ನ ಮಗಳು." ಮೇಸ್ತ್ರಿಗಳ ದನಿ ಸಣ್ಣದಾಯಿತು. "ಶಿಫ್ಟ್ ಇಂಜಿನಿಯರ್. ಪೈಪ್ ಕೆಳಗೇ ಪ್ಯಾನೆಲ್ಲು, ಅಲ್ಲೇ ನಿಲ್ತಾಳೆ. ಅವಳೂ ಸೇರಿ ಹತ್ತೊಂಬತ್ತು ಜನ. ಒಳಗೆ ಫೋನ್ ಬಿಡಲ್ಲ. ಆಫೀಸಿಗೆ ಮಾಡಿದ್ರೆ ಡೈರೆಕ್ಟರ್ ಕಡೆಯವನು ಎತ್ತಿ ಇಡ್ತಾನೆ. ಆ ಸ್ಟೀಮ್ ತಾಗಿದ್ರೆ ಗುರುತು ಹಿಡಿಯೋಕೂ ಏನೂ ಉಳಿಯಲ್ಲ."

ನನ್ನ ಮೈಯೆಲ್ಲ ಉರಿಯಿತು. ಇದಕ್ಕಾ ನನ್ನನ್ನು ಕಳಿಸಿದ್ದು? ಹೊಗೆ ಇಲ್ಲ, ಬೂದಿ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು!

"ಫಿಲ್ಮ್ ನೀವೇ ಮಾಡಿದ್ದು ಅಂತಾರೆ," ಎಂದೆ. "ಆ ಪೈಪೇ ಬೇಕು. ಎಲ್ಲಿದೆ?"

"ಅದು ಸ್ಪೇರ್ ಪೀಸು, ಲೈನಿಗೆ ಹಾಕಿಲ್ಲ. ಎಕ್ಸ್‌ರೇ ರೂಮಲ್ಲೇ ಇದೆ." ಆ ರೂಮು, ಪೆಟ್ಟಿಗೆ, ಹ್ಯಾಂಡಲ್ ಎಲ್ಲವನ್ನೂ ವಿವರಿಸಿದರು. "ಅಕಸ್ಮಾತ್ ಒಳಗೆ ಸಿಕ್ಕಿಹಾಕ್ಕೊಂಡ್ರೆ... ಬೇಗ ಹೊರಡು. ಆಗದಿದ್ರೆ ದೂರ ನಿಲ್ಲು. ಏನಾದ್ರೂ ಅಡ್ಡ ಇಟ್ಕೋ."

ಹೊರಗೆ ಬ್ರೇಕ್ ಕಿರುಚಿತು. ನೀಲಿ ಜೀಪು, ಇಬ್ಬರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು. ಡೈರೆಕ್ಟರ್ ನನ್ನನ್ನು ವಾಸನೆ ಹಿಡಿಯುವ ನಾಯಿಯ ಹಾಗೆ ಬಿಟ್ಟು, ಹಿಂದೆ ಇವರನ್ನು ಕಳಿಸಿದ್ದ!

"ಮೇಸ್ತ್ರಿ, ವ್ಯಾನ್ ಹತ್ತಿ!"

ಹಿಂದಿನ ಗಾಜು ಒಂದೇ ಏಟಿಗೆ ಪುಡಿಯಾಯಿತು. ನಾನು ಆಕ್ಸಿಲರೇಟರ್ ಮೇಲೆ ನಿಂತೇಬಿಟ್ಟೆ. ಓಣಿ, ತಿರುವು, ಮೇನ್ ರೋಡು... ಜೀಪು ಬೆನ್ನು ಬಿಡಲಿಲ್ಲ. ಎರಡು ಸಲ ಗುದ್ದಿತು. ಎದುರಿಗೆ ಆ ಸೋಲಾರ್ ಹೊಲ! ಬೇಲಿ ಇನ್ನೂ ಹಾಕಿರಲಿಲ್ಲ. ಸ್ಟೇರಿಂಗ್ ಎಳೆದು ಒಳಗೆ ನುಗ್ಗಿಸಿದೆ. ಪ್ಯಾನೆಲ್ ಸಾಲುಗಳ ನಡುವೆ ನನ್ನ ಸಣ್ಣ ವ್ಯಾನ್ ಹಿಡಿಯುವಷ್ಟೇ ಜಾಗ. ಎರಡೂ ಕಡೆಯ ಕನ್ನಡಿ ಕಿತ್ತು ಹೋದವು. ಜೀಪಿನವನು ತನ್ನದು ದಪ್ಪ ಗಾಡಿ ಎಂಬುದನ್ನು ಮರೆತು ಹಿಂದೆಯೇ ನುಗ್ಗಿದ. ಧಡಾರ್! ಎರಡು ಕಂಬಗಳ ನಡುವೆ ಸಿಕ್ಕಿ ಕೂತ. ಬಾಗಿಲು ತೆಗೆಯಲೂ ಜಾಗವಿರಲಿಲ್ಲ.

ಮೂರು ಗಂಟೆಗೆ ಪ್ಲಾಂಟಿನ ಗೇಟು. ಮೇಸ್ತ್ರಿ ವ್ಯಾನಿನ ಹಿಂದೆ ಹಳೇ ಟಾರ್ಪಾಲಿನ ಕೆಳಗೆ. ಅದರ ತುಂಬಾ ಸಿಮೆಂಟ್ ಧೂಳು. ಗಾರ್ಡ್ ನನ್ನ ಫೋನ್ ಇಸಿದುಕೊಂಡು, ಪಾಸನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹಿಂದಿನಿಂದ ಸಣ್ಣಗೆ ಕೇಳಿಸಿತು... "ಹಾ..."

ಗಾರ್ಡ್ ತಲೆಯೆತ್ತಿದ.

"ಹಿಂದೆ ಏನಿದೆ?"

"ಡೈರೆಕ್ಟರ್ ಸಾಮಾನು. ತೆಗೆದು ನೋಡ್ತೀಯಾ? ನೋಡು. ಆಮೇಲೆ ಅವರಿಗೆ ನೀನೇ ಉತ್ತರ ಕೊಡು."

"ಹಾ... ಹಾ..."

ಗೇಟು ಮೇಲೆದ್ದಿತು. ಮೇಸ್ತ್ರಿ ಮೂಗನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದರು. ಸೀನು ಒಳಗೇ ಉಳಿಯಿತು.

ವ್ಯಾನಿನಲ್ಲೇ ಇರಿ, ಹತ್ತು ನಿಮಿಷದಲ್ಲಿ ಬರದಿದ್ದರೆ ನೋಡಿ ಎಂದು ಹೇಳಿ ಎಕ್ಸ್‌ರೇ ರೂಮಿಗೆ ಹೋದೆ. ಆ ಪೈಪು ಸಾಗಿಸಲು ಡೈರೆಕ್ಟರ್ ಕಳಿಸಿದ್ದಾರೆ ಎಂದೆ. ನೆಗೆಟಿವ್ ನಂಬಿದ, ಪೈಪಿನ ಅಡಿಗೆ ಕೈಗಾಡಿಯನ್ನೂ ಅವನೇ ತಂದಿಟ್ಟ. ಮೊಣಕೈ ಉದ್ದದ ತುಂಡು. ಅದರ ಮೈಮೇಲೆ ಸೀಮೆಸುಣ್ಣದಲ್ಲಿ ನಲವತ್ತೊಂದು ನಂಬರ್ ಬರೆದು ಒಂದೊಂದಾಗಿ ಗೀಟು ಹೊಡೆದಿದ್ದ. ಮುಗಿದ ಕೆಲಸದ ಪಟ್ಟಿ! ಅಳಿಸುವಷ್ಟೂ ಭಯವಿರಲಿಲ್ಲ ಬೋಳಿಮಗನಿಗೆ.

ಅಷ್ಟರಲ್ಲಿ ಹೊರಗಿನ ಇಂಟರ್‌ಕಾಮ್ ರಿಂಗಾಯಿತು. ಜೀಪಿನವರು ಹೇಗೋ ಕಿಟಕಿಯಿಂದ ಇಳಿದು ಸುದ್ದಿ ಮುಟ್ಟಿಸಿದ್ದರು. ಅವನು ಎತ್ತಿದ... ಕೇಳಿದ... ಬಾಗಿಲು ಧಡ್!

ಹನ್ನೊಂದು ನಿಮಿಷ. ಸೀಸದ ಹಾಳೆಗಳ ಹಿಂದೆ ಕೂತು ಅಪ್ಪನ ಕರವಸ್ತ್ರ ನೆನಪಾಗಿ ಅತ್ತೆ ಡಾಕ್ಟ್ರೇ. ಹೆದರಿ ಅಲ್ಲ, ಸಿಟ್ಟಿಗೆ. ಬೀಪ್... ಬೀಪ್... ಬೀಪ್...

ಆಗ ಹೊರಗೆ...

ಹಾಕ್ಷೀ!!

ಗೇಟಿನಿಂದ ತಡೆದುಕೊಂಡಿದ್ದ ಸೀನು! ಹಿಂದೆಯೇ 'ಅಯ್ಯೋ' ಎಂಬ ಕೂಗು, ಯಾರೋ ದೊಪ್ಪನೆ ಬಿದ್ದ ಸದ್ದು. ಆಮೇಲೆ ಕರ್ ಕರ್ ಕರ್... ಹ್ಯಾಂಡಲ್ ಉಲ್ಟಾ ತಿರುಗುತ್ತಿತ್ತು. ಬೀಪ್ ನಿಂತಿತು. ದೀಪ ಆರಿತು.

ಬಾಗಿಲಲ್ಲಿ ಮೇಸ್ತ್ರಿ. ಕೈಯಲ್ಲಿ ನಗ್ಗಿದ ಊಟದ ಡಬ್ಬಿ. ಕಾಲಬುಡದಲ್ಲಿ ನೆಗೆಟಿವ್, ಹಣೆಯ ಮೇಲೆ ಡಬ್ಬಿಯ ಗುರುತು.

"ಹತ್ತು ನಿಮಿಷ ಅಂದೆ," ಎಂದರು. "ಹುಡುಕೋಕೆ ಸ್ವಲ್ಪ ತಡ ಆಯ್ತು."

ಪೈಪಿದ್ದ ಕೈಗಾಡಿಯನ್ನು ಇಬ್ಬರೂ ತಳ್ಳಿಕೊಂಡು ಓಡಿದೆವು. ಅದರ ಒಂದು ಚಕ್ರ ಸೊಟ್ಟ, ಪ್ರತಿ ತಿರುವಿಗೂ ಗೋಡೆಗೆ ಹೋಗಿ ಗುದ್ದುತ್ತಿತ್ತು. ಪೈಪ್ ಹಾಲ್ ತಲುಪಿದಾಗ ಮೂರೂ ಐವತ್ತು. ತಲೆಯ ಮೇಲೆ ಆ ದಪ್ಪ ಲೈನು. ಕೆಳಗೆ ಹತ್ತೊಂಬತ್ತು ಜನ. ಪ್ಯಾನೆಲ್ ಮುಂದೆ ಮೇಸ್ತ್ರಿಗಳದೇ ಮೂಗಿನ ಹುಡುಗಿ, ಕೈ ಕೀ ಮೇಲೆ. ಪಕ್ಕದಲ್ಲಿ ಡೈರೆಕ್ಟರ್, ಹೊರಡುವ ಅವಸರದಲ್ಲಿ.

"ಅಪ್ಪಾ? ನೀವಿಲ್ಲಿ?"

"ಸೆಕ್ಯೂರಿಟಿ!" ಡೈರೆಕ್ಟರ್ ಕಿರುಚಿದ. "ಕಳ್ಳರು! ಹಿಡೀರಿ!"

ಮೇಸ್ತ್ರಿ ಡಬ್ಬಿ ಬಿಚ್ಚಿದರು. ನಾಲ್ಕು ಫಿಲ್ಮ್ ತೆಗೆದು ಮಗಳ ಕೈಗೆ ಕೊಟ್ಟರು. ಅವಳು ದೀಪಕ್ಕೆ ಹಿಡಿದಳು. ಒಂದು... ಎರಡು... ನಾಲ್ಕು. ಆಮೇಲೆ ಪೈಪಿನ ಮೇಲಿದ್ದ ಪಟ್ಟಿ ಓದಿದಳು. ಕೊನೆಗೆ ತಲೆಯೆತ್ತಿ ಮೇಲಿನ ಲೈನು ನೋಡಿದಳು.

"ಇದು ನೀವು ಮನೆಗೆ ಬಂದು ಬೇಜಾರು ಮಾಡ್ಕೊಂಡಿದ್ರಲ್ಲ... ಆ ಸೀನಾ ಅಪ್ಪಾ?"

"ಅದೇ ಮಗಳೇ."

ಡೈರೆಕ್ಟರ್ ನನ್ನ ಕಾಲರ್ ಹಿಡಿದ.

"ಎಲ್ಲಾ ಮತ್ತೆ ತೆಗೆಯೋಕೆ ಮೂರು ತಿಂಗಳು ಬೇಕು! ಅಷ್ಟು ತಡ ಆದ್ರೆ ಯೂನಿಟ್ ರೇಟ್ ಏನಾಗುತ್ತೆ ಗೊತ್ತಾ? ಆ ಪ್ಯಾನೆಲ್ ಹಾಕ್ತಿರೋರ ಮುಂದೆ ನಗೆಪಾಟಲಾಗ್ತೀವಿ! ಇದನ್ನ ಮುಚ್ಚಿದ್ರೆ ಸೂರ್ಯ ಮುಳುಗಿದ ಮೇಲೆ ಕರೆಂಟ್ ಯಾರು ಕೊಡ್ತಾರೆ? ಮತ್ತೆ ಕಲ್ಲಿದ್ದಲೇ ಸುಡ್ತಾರೆ! ನಿನ್ನ ಅಪ್ಪನ್ನ ತಿಂದ ಕಲ್ಲಿದ್ದಲು!"

"ಅಪ್ಪನ ಸುದ್ದಿಗೆ ಬರಬೇಡ!"

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ ಡಾಕ್ಟ್ರೇ. ನನ್ನ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. "ಕಲ್ಲಿದ್ದಲಿನವರು ರೇಟ್ ಹಾಕುವಾಗ ನನ್ನ ಅಪ್ಪನ ಶ್ವಾಸಕೋಶ ಲೆಕ್ಕದಿಂದ ಬಿಟ್ಟುಬಿಟ್ರು. ನೀನು ಈ ಹತ್ತೊಂಬತ್ತು ಜನರನ್ನ ಬಿಡ್ತಾ ಇದೀಯ. ಎಲ್ಲಾ ಸೇರಿಸಿ ರೇಟ್ ಹೇಳೋ! ಆಮೇಲೆ ಯಾರದ್ದು ಅಗ್ಗ ನೋಡೋಣ!"

ಹುಡುಗಿ ದನಿ ಎತ್ತಲಿಲ್ಲ. ಪ್ಯಾನೆಲ್‌ನಿಂದ ಕೀ ಕಿತ್ತಳು. ಡೈರೆಕ್ಟರ್‌ನ ಅಂಗೈ ಬಿಡಿಸಿ ಅದರಲ್ಲಿಟ್ಟಳು.

"ಸರ್, ನಾವು ಹೊರಗೆ ಹೋಗ್ತೀವಿ. ನೀವು ಇಲ್ಲೇ ನಿಂತು, ನೀವೇ ತಿರುಗಿಸಿ."

ಹತ್ತೊಂಬತ್ತು ಜನ ಒಬ್ಬೊಬ್ಬರಾಗಿ ಹೊರಟರು. ಕರೆಸಿದ್ದ ಸೆಕ್ಯೂರಿಟಿಯವರೂ ಹೊರಟರು. ಗಾಜಿನಾಚೆ ನಿಂತು ನೋಡಿದೆವು. ಮೂರೂ ಐವತ್ತೆಂಟು... ಐವತ್ತೊಂಬತ್ತು... ಅವನು ಮೇಲಿನ ಲೈನು ನೋಡಿದ. ಕೀ ನೋಡಿದ. ನಾಲ್ಕು ಹೊಡೆಯಿತು.

ಕೀ ನೆಲಕ್ಕೆ ಬಿದ್ದ ಸದ್ದು ನಮಗೂ ಕೇಳಿಸಿತು. ಡೈರೆಕ್ಟರ್ ಬಾಗಿಲ ಕಡೆ ಓಡಿ ಬಂದ!

ಅದು ಮೊನ್ನೆ. ಈವರೆಗೆ ಮೂರು ಜಾಯಿಂಟ್‌ಗಳಿಗೆ ನಿಜವಾದ ಎಕ್ಸ್‌ರೇ ಆಗಿದೆ. ಎರಡನೆಯದರಲ್ಲಿ ಕಿರುಬೆರಳಿನಷ್ಟು ಉದ್ದದ ಬಿರುಕು ಇದೆಯಂತೆ. ಇನ್ನೂ ಮೂವತ್ತೇಳು ಬಾಕಿ. ಮೇಸ್ತ್ರಿಗಳನ್ನು ವಾಪಸ್ ಕರೆದಿದ್ದಾರೆ. ಸರಿಯಾಗಿ ಬೆಸೆದರೆ ಇಂಥ ಮಷೀನ್ ಇನ್ನೊಂದಿಲ್ಲ ಎಂದು ಆ ಮನುಷ್ಯ ಇವತ್ತೂ ಹೇಳುತ್ತಾರೆ. ಹೊರಗೆ ಸೋಲಾರಿನವರು ನನ್ನಿಂದ ಮುರಿದ ಕಂಬಗಳ ಲೆಕ್ಕ ಕೇಳುತ್ತಿದ್ದಾರೆ. ಕೇಳಲಿ, ಅವರ ಕಂಬ ಬಿದ್ದರೆ ಕಂಬ ಮಾತ್ರ ಹೋಗುತ್ತದೆ.

ಇಷ್ಟೇ ಡಾಕ್ಟ್ರೇ. ತೋಳು ಮಡಿಸಿದ್ದೇನೆ, ರಕ್ತ ತೆಗೆದುಕೊಳ್ಳಿ.

ಒಂದು ನಿಮಿಷ... ಆ ಮಗುಚಿಟ್ಟ ಹಾಳೆ ಕೊಡಿ ಇಲ್ಲಿ. ಕೊಡಿ ಅಂದೆ! ಮೇಲೆ ಕಂಪನಿ ಆಸ್ಪತ್ರೆಯ ಹೆಸರು. ಕೆಳಗೆ ನನ್ನ ಹೆಸರು. ಅದರ ಕೆಳಗೆ ಟೈಪ್ ಆಗಿದೆ... 'ರಕ್ತ ಪರೀಕ್ಷೆ: ನಾರ್ಮಲ್'. ನಿಮ್ಮ ಸಹಿಯೂ ಬಿದ್ದಿದೆ.

ಸೂಜಿ ಇನ್ನೂ ನಿಮ್ಮ ಕೈಯಲ್ಲೇ ಇದೆಯಲ್ಲ ಡಾಕ್ಟ್ರೇ... ಇದು ಯಾರ ಸೀನು?