ಎರ್ಕೆಬಾಯ್‌ಗೆ ಅತ್ತ ಹಾಡು

ಗಂಡ ಗುಂಡುಕಲ್ಲಿನ ಹಾಗೆ ಬದುಕಿರುವಾಗ ಅವನಿಗಾಗಿ ಎದೆ ಬಡಿದುಕೊಂಡು ಅಳುವುದೆಂದರೆ ಹುಡುಗಾಟವೇ? ಸೈಕಾಲ್ ಬೆಳಗಿನಿಂದ ಅದನ್ನೇ ಮಾಡುತ್ತಿದ್ದಳು. ಕಪ್ಪು ಬಟ್ಟೆ ತೊಟ್ಟು, ಕಂಬಳಿ ಡೇರೆಯ ಗೋಡೆಗೆ ಮುಖ ಮಾಡಿ ಕೂತು, ಸತ್ತವನನ್ನು ಹಾಡಿ ಹೊಗಳಿ ಅಳುವುದು.

"ಗಟ್ಟಿಯಾಗಿ ಅಳೇ ಸೊಸೆ! ಹಾಲು ಉಕ್ಕಿಹೋದವಳ ಹಾಗೆ ಅಳ್ತೀಯಲ್ಲ," ಅಂತ ಅತ್ತೆ ತಿವಿದಳು.

ಹೊರಗೆ ರಷ್ಯಾದ ಝಾರ್ ದೊರೆಯ ಸಿಪಾಯಿಗಳಿದ್ದರು, ಜೊತೆಗೊಬ್ಬ ಕಿರ್ಗಿಜ್ ದುಭಾಷಿ. ಹೊಲ ಹೋಯಿತು, ನೀರು ಹೋಯಿತು, ಈಗ ಕೊಯ್ಲಿನ ಹೊತ್ತಿಗೆ ಗಂಡಸರನ್ನೂ ಯುದ್ಧದ ಕಂದಕ ತೋಡಲು ಕಳಿಸಬೇಕೇ ಎಂದು ರೈತರನ್ನೆಲ್ಲ ಎಬ್ಬಿಸಿದವನು ಅವಳ ಗಂಡ ಎರ್ಕೆಬಾಯ್. ಅವನನ್ನು ಒಪ್ಪಿಸದಿದ್ದರೆ ಊರಿಗೇ ಬೆಂಕಿ ಅಂದಿದ್ದರು. ಅವನು ಹೊಳೆಯಲ್ಲಿ ಕೊಚ್ಚಿಹೋದ ಅಂತ ಊರವರು ಸುದ್ದಿ ಹಬ್ಬಿಸಿದರು. ದುಭಾಷಿಗೆ ಮಾತ್ರ ನಂಬಿಕೆಯಿರಲಿಲ್ಲ.

ಮಧ್ಯಾಹ್ನ ಕುದುರೆಗಳ ಸದ್ದು ಕೇಳಿಸಿತು. ಸಾವಿನ ಮನೆಗೆ ಬರುವ ಗಂಡಸರು ಕುದುರೆ ಓಡಿಸುತ್ತಲೇ ಗೋಳಿಡಬೇಕು.

"ಅಯ್ಯೋ ನನ್ನಣ್ಣಾ! ಬಿಟ್ಟುಹೋದೆಯಲ್ಲೋ!"

ಆ ದನಿ! ಸೈಕಾಲ್‌ಗೆ ಗುರುತು ಸಿಕ್ಕಿತು. ತನ್ನ ಸಾವಿಗೆ ತಾನೇ ಅಳುತ್ತಾ ಬಂದಿದ್ದಾನಲ್ಲ, ಹುಚ್ಚು ಮನುಷ್ಯ! ಅವನು ತೋಳಲ್ಲಿ ಮುಖ ಮುಚ್ಚಿಕೊಂಡು ಬಂದು, ಅವಳು ಕೂತಿದ್ದ ಕಡೆಯೇ ಕಂಬಳಿಗೆ ಹಣೆಯಿಟ್ಟು ನಿಂತ. ಕಂಬಳಿಯಾಚೆ ಅವನ ಉಸಿರು ಕೇಳಿಸುತ್ತಿತ್ತು.

"ಸತ್ತಮೇಲೆ ಇಷ್ಟು ಹೊಗಳ್ತೀಯ. ಬದುಕಿದ್ದಾಗ ಒಂದು ಮಾತೂ ಅಂದಿರಲಿಲ್ಲವಲ್ಲೇ," ಅಂತ ಪಿಸುಗುಟ್ಟಿದ.

"ನೀವು ಮನೇಲಿ ಇದ್ದದ್ದಾದರೂ ಯಾವಾಗ?"

ಅವನು ನಕ್ಕದ್ದು ಅವಳಿಗೆ ಗೊತ್ತಾಯಿತು. ಆ ನಗುವಿಗೆ ಎದ್ದು ಓಡಿಬಿಡಬೇಕು ಅನ್ನಿಸಿತು.

"ತೊರೆ ಹತ್ತಿರ ಇನ್ನೊಂದು ಕುದುರೆ ಇದೆ. ಬಾ, ಚೀನಾಕ್ಕೆ ಹೋಗೋಣ."

"ಗಂಡ ಸತ್ತವಳು ಶೋಕದ ಡೇರೆ ಬಿಟ್ಟು ಓಡಿದರೆ ನೀವು ಬದುಕಿದ್ದೀರಿ ಅಂತ ಮಗುವಿಗೂ ತಿಳಿಯುತ್ತೆ. ಊರು ಸುಡ್ತಾರೆ."

"ಹಾಗಾದರೆ ನಾನೂ ಹೋಗಲ್ಲ. ನೀನಿಲ್ಲದೆ ಈ ಜೀವ ಇಟ್ಟುಕೊಂಡು ಏನು ಮಾಡಲಿ?"

ಹಟಮಾರಿ. ಹೇಳಿದರೆ ಹೇಳಿದ ಹಾಗೆ ಮಾಡುವವನು. ಅಷ್ಟರಲ್ಲಿ ದುಭಾಷಿಯ ಬೂಟಿನ ಸದ್ದು ಹತ್ತಿರ ಬಂತು. ಇನ್ನು ಪಿಸುಮಾತಿಗೆ ಎಡೆಯಿಲ್ಲ. ಸೈಕಾಲ್ ದನಿಯೆತ್ತಿ ಹಾಡಿದಳು.

"ಹೋದವನೇ, ಹೋಗು, ತಿರುಗಿ ನೋಡಬೇಡ. ವರ್ಷದ ತಿಥಿಯ ಊಟ ಆದ ಮೇಲೆ ನಿನ್ನ ತಮ್ಮನ ಕೈ ಹಿಡೀತೀನಿ, ಅವನ ಒಲೆ ಹಚ್ತೀನಿ. ನಿನ್ನ ಹಾಸಿಗೆ ಮಡಿಸಿಟ್ಟೆ, ದೊರೆಯೇ, ನನ್ನ ಬಾಗಿಲಿಗೆ ಬರಬೇಡ."

ಅತ್ತೆ ಗಕ್ಕನೆ ಅವಳತ್ತ ತಿರುಗಿದಳು. ವಿಧವೆ ಮೈದುನನನ್ನು ಕೂಡುವುದು ಹಳೆಯ ರೂಢಿ. ಆದರೆ ಶೋಕದ ಹಾಡಿನಲ್ಲಿ ನಾಲ್ಕು ಜನರೆದುರು ಒಪ್ಪಿಕೊಂಡರೆ ಅದು ಆಣೆ, ಹಿಂದೆಗೆಯುವಂತಿಲ್ಲ. ಗಂಡ ಬದುಕಿರುವಾಗ ಯಾವ ಹೆಂಗಸೂ ಆ ಮಾತು ಆಡಲಾರಳು. ಇದು ದುಭಾಷಿಗೆ ಗೊತ್ತಿತ್ತು. ಕಂಬಳಿಯಾಚೆ ನಿಂತವನಿಗೂ ಗೊತ್ತಿತ್ತು.

ಎರ್ಕೆಬಾಯ್ ಆಗ ಅತ್ತ. ಈ ಸಲ ನಾಟಕವಿರಲಿಲ್ಲ. ದುಭಾಷಿ ಟೋಪಿ ತೆಗೆದು, "ಸತ್ತಿರೋದು ನಿಜ ಕಣ್ರಯ್ಯ, ನಡೀರಿ," ಎಂದು ಸಿಪಾಯಿಗಳನ್ನು ಕರೆದುಕೊಂಡು ಹೊರಟ. ಆಮೇಲೆ ಒಂಟಿ ಕುದುರೆಯ ಸದ್ದು ಬೆಟ್ಟದ ಕಡೆ ಸರಿಯಿತು.

"ಹೋದನಾ?" ಅತ್ತೆ ಕೇಳಿದಳು.

"ಹೋದರು."

"ಆ ಮಾತು... ಅವನನ್ನು ಕಳಿಸೋಕೆ ಅಂದದ್ದು ತಾನೇ, ತಾಯೀ?"

"ಊರೆಲ್ಲ ಕೇಳಿಸಿಕೊಂಡಿದೆಯಲ್ಲ, ಅತ್ತೆ," ಅಂದಳು ಸೈಕಾಲ್.